ಬಡವರ ಹಾಡು, ಸಿರಿವಂತರ ಕಂಠ

ಹಾಡಿಲ್ಲದೆ ನಮ್ಮ ಕಡೆ ಯಾವ ಶುಭಕಾರ್ಯವೂ ನಡೆಯುವುದಿಲ್ಲ. ಮದುವೆಯ ಚಪ್ಪರ, ಜಾತ್ರೆಯ ಬೀದಿ, ಊರಿನ ಬಸ್ಸು, ಶಾಲೆಯ ವಾರ್ಷಿಕೋತ್ಸವದ ವೇದಿಕೆ, ಎಲ್ಲೆಲ್ಲೂ ಹಾಡು ಬೇಕೇ ಬೇಕು. ಹಿಂದೂಪುರ, ಕಲ್ಯಾಣದುರ್ಗಗಳ ಸುತ್ತಿನ ನಮಗಂತೂ ಈ ವಿಷಯದಲ್ಲಿ ಎರಡು ಪಾಲು ಭಾಗ್ಯ. ಗೌರಿಬಿದನೂರು, ಪಾವಗಡ, ಚಳ್ಳಕೆರೆಗಳು ನಮಗೆ ಕೂಗಳತೆಯ ಊರುಗಳು. ಆದುದರಿಂದ ಕನ್ನಡದ ಹಾಡೂ ನಮ್ಮದೇ, ತೆಲುಗಿನ ಹಾಡೂ ನಮ್ಮದೇ. ರಾಜಕುಮಾರ್ ಅವರ ಭಾವಚಿತ್ರವೂ ರಾಮರಾವ್ ಅವರ ಭಾವಚಿತ್ರವೂ ಒಂದೇ ಗೋಡೆಯ ಮೇಲೆ ಇರುವ ಮನೆಗಳನ್ನು ನಾವು ಕಂಡಿದ್ದೇವೆ.

ಈ ಹಾಡುಗಳಲ್ಲಿ ಹೆಚ್ಚಿನವು ಪ್ರೀತಿ ವಿರಹಗಳ ಹಾಡುಗಳು. ಆದರೆ ರೈತನ ಬವಣೆ, ಕುಡಿತದ ಕೇಡು, ಜಾತಿಯ ತಾರತಮ್ಯ, ಹಸಿದವರ ಸಂಕಟ ಇವುಗಳನ್ನು ಕುರಿತು ತಾರೆಯರು ಹಾಡಿದ ಹಾಡುಗಳೂ ಸಾಕಷ್ಟಿವೆ. ವಾರ್ಷಿಕೋತ್ಸವಕ್ಕೆ ಹಾಡು ಆರಿಸುವಾಗ ಇಂಥ ಹಾಡುಗಳ ವಿಚಾರದಲ್ಲಿಯೇ ವಿದ್ಯಾರ್ಥಿಗಳಲ್ಲಿ ವಾದ ಹುಟ್ಟುವುದುಂಟು. “ಕೋಟಿ ಕೋಟಿ ಸಂಪಾದಿಸುವವರು ಬಡವನ ಕಣ್ಣೀರಿನ ಹಾಡು ಹಾಡಿದರೆ ಅದು ನಿಜವೇ? ಅದೂ ಒಂದು ವ್ಯಾಪಾರವಲ್ಲವೇ?” ಎಂದು ಕೆಲವರು ಕೇಳುತ್ತಾರೆ. “ಅವರು ಹಾಡದಿದ್ದರೆ ನಮ್ಮ ಕಷ್ಟ ಯಾರಿಗೆ ಕೇಳಿಸುತ್ತಿತ್ತು?” ಎಂದು ಇನ್ನು ಕೆಲವರು ಮರುಪ್ರಶ್ನೆ ಹಾಕುತ್ತಾರೆ. ಎರಡು ಮಾತಿನಲ್ಲಿಯೂ ಸತ್ಯಾಂಶವಿದೆ. ನಮ್ಮ ಮನಸ್ಸು ಒಮ್ಮೆ ಅತ್ತ, ಒಮ್ಮೆ ಇತ್ತ ವಾಲುತ್ತದೆ. ಈ ವಿಷಯವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ವಿಚಾರ ಮಾಡೋಣ.

ಮೊದಲು ಒಂದು ಅಂಶವನ್ನು ಗಮನಿಸಬೇಕು. ಸಿನಿಮಾ ಹಾಡು ಒಬ್ಬರ ಸೃಷ್ಟಿಯಲ್ಲ. ಸಾಹಿತ್ಯ ಒಬ್ಬರದು, ರಾಗಸಂಯೋಜನೆ ಇನ್ನೊಬ್ಬರದು, ಕಂಠ ಮತ್ತೊಬ್ಬರದು. ತೆರೆಯ ಮೇಲೆ ತುಟಿ ಆಡಿಸುವವರು ಬೇರೆ, ಹಣ ಹೂಡುವವರು ಬೇರೆ. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ದಲ್ಲಿ ದುಡಿಮೆಯನ್ನು ಹುರಿದುಂಬಿಸುವ ಪ್ರಸಿದ್ಧ ಗೀತೆಯೊಂದಿದೆ. ಜನ ಅದನ್ನು ರಾಜಕುಮಾರ್ ಹಾಡು ಎನ್ನುತ್ತಾರೆ. ಅದನ್ನು ಬರೆದವರು ಆರ್.ಎನ್. ಜಯಗೋಪಾಲ್, ಹಾಡಿದವರು ಪಿ.ಬಿ. ಶ್ರೀನಿವಾಸ್, ನಮ್ಮ ಆಂಧ್ರದ ಕಾಕಿನಾಡದಲ್ಲಿ ಹುಟ್ಟಿದವರು. ಹಾಗೆಯೇ ಎನ್.ಟಿ. ರಾಮರಾವ್ ಅವರ ಪಾತ್ರಗಳ ಹಿಂದಿನ ದನಿ ಬಹುಕಾಲ ಘಂಟಸಾಲ ಅವರದು, ಅನಂತರ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದು. ಹೀಗಿರುವಾಗ ಹಾಡಿನಲ್ಲಿರುವ ಒಳ್ಳೆಯ ಮಾತಿನ ಕೀರ್ತಿ ಎಲ್ಲವೂ ಮುಖಕ್ಕೇ ಸೇರುವುದು ಸರಿಯಲ್ಲ. ಅಂತೆಯೇ ಹಾಡಿನಲ್ಲಿ ಕೊರತೆಯಿದ್ದರೆ ಅದರ ದೋಷವನ್ನೆಲ್ಲ ಆ ಮುಖಕ್ಕೇ ಬಳಿಯುವುದೂ ಸರಿಯಲ್ಲ.

ಇನ್ನು ಸಿರಿತನದ ಪ್ರಶ್ನೆ. ಉಳ್ಳವನು ಇಲ್ಲದವನ ಪರವಾಗಿ ಹಾಡಬಹುದೇ ಎಂಬ ಸಂದೇಹ ಇಂದು ನಿನ್ನೆಯದಲ್ಲ. ಪುರಂದರದಾಸರು ದೊಡ್ಡ ವ್ಯಾಪಾರಿಯಾಗಿದ್ದು, ಸಂಪತ್ತನ್ನೆಲ್ಲ ದಾನ ಮಾಡಿ ತಂಬೂರಿ ಹಿಡಿದರೆಂದು ಸಂಪ್ರದಾಯ ಹೇಳುತ್ತದೆ. ಕದಿರಿಯ ಬಳಿಯ ಕಟಾರುಪಲ್ಲಿಯಲ್ಲಿ ಸಮಾಧಿಯಿರುವ ವೇಮನರೂ ಭೋಗದ ಬಾಳನ್ನು ತೊರೆದು ಬಂದವರೆಂದೇ ನಮ್ಮ ಜನ ನಂಬಿದ್ದಾರೆ. ಇವರಿಬ್ಬರೂ ಬಿಟ್ಟು ಹಾಡಿದವರು. ಆದರೆ ಬಸವಣ್ಣನವರ ದಾರಿ ಬೇರೆ. ಅವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯಾಗಿದ್ದುಕೊಂಡೇ ಬಡವರ, ಕೀಳೆನಿಸಿಕೊಂಡವರ ಪರವಾಗಿ ವಚನಗಳನ್ನು ಹೇಳಿದರು. ಪದವಿಯಲ್ಲಿದ್ದಾರೆಂಬ ಕಾರಣಕ್ಕೆ ಜನ ಅವರ ಮಾತನ್ನು ತಳ್ಳಿಹಾಕಲಿಲ್ಲ. ಏಕೆಂದರೆ ಆಡಿದ ಮಾತಿಗೆ ತಕ್ಕ ಬೆಲೆ ತೆರಬೇಕಾದ ಕಾಲ ಬಂದಾಗ ಅವರು ತೆತ್ತರು. ಕಲ್ಯಾಣವನ್ನೇ ಬಿಟ್ಟು ನಡೆದರು. ಆದುದರಿಂದ ಹಾಡುವವನ ಬಳಿ ಹಣವಿದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ಆ ಹಾಡಿಗಾಗಿ ಅವನು ಏನನ್ನಾದರೂ ಕಳೆದುಕೊಳ್ಳಲು ಸಿದ್ಧನಿದ್ದಾನೆಯೇ ಎಂಬುದೇ ನಮ್ಮ ಹಿರಿಯರು ಇಟ್ಟುಕೊಂಡ ಒರೆಗಲ್ಲು.

ಈ ಒರೆಗಲ್ಲನ್ನು ಹಿಡಿದು ನಮ್ಮ ಕಾಲದ ಕೆಲವು ನಿದರ್ಶನಗಳನ್ನು ನೋಡೋಣ.

‘ಬಂಗಾರದ ಮನುಷ್ಯ’ವನ್ನೇ ಮತ್ತೆ ತೆಗೆದುಕೊಳ್ಳಿ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ನಾಯಕ ರಾಜೀವ ಅಕ್ಕನ ಊರಿಗೆ ಬಂದು ಬೇಸಾಯಕ್ಕೆ ನಿಲ್ಲುತ್ತಾನೆ. ಕಲ್ಲು ನೆಲವನ್ನು ಹಸನು ಮಾಡಿ ಹಸಿರು ಮೂಡಿಸುತ್ತಾನೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಈ ಚಿತ್ರವನ್ನು ನೋಡಿ, ಓದಿದ ಕೆಲವು ಯುವಕರು ಹಳ್ಳಿಗೆ ಮರಳಿದರೆಂದು ಇಂದಿಗೂ ಜನ ಹೇಳುತ್ತಾರೆ. ಒಂದು ಹಾಡು, ಒಂದು ಚಿತ್ರ ಬೇಸಾಯದ ಬದುಕಿಗೆ ಮರ್ಯಾದೆ ತಂದುಕೊಟ್ಟಿತೆಂದರೆ ಅದು ಸಣ್ಣ ಮಾತಲ್ಲ. ಮಣ್ಣು ಮುಟ್ಟುವುದು ಅವಮಾನವಲ್ಲ ಎಂದು ಮೇಷ್ಟರು ನೂರು ಸಲ ಹೇಳಿದರೂ ನಾಟದ್ದು ರಾಜಕುಮಾರ್ ಒಮ್ಮೆ ನೇಗಿಲು ಹಿಡಿದು ನಿಂತರೆ ನಾಟುತ್ತದೆ.

ಆದರೆ ಆ ಗೀತೆಯನ್ನು ನಮ್ಮ ಕಲ್ಯಾಣದುರ್ಗದ ಹೊಲದ ಬದುವಿನ ಮೇಲೆ ಕುಳಿತು ಕೇಳಿದರೆ ಇನ್ನೊಂದು ಯೋಚನೆಯೂ ಬರುತ್ತದೆ. ಆ ಗೀತೆ ಕಾವೇರಿಗೆ ಕಟ್ಟಿದ ಕನ್ನಂಬಾಡಿಯ ಅಣೆಕಟ್ಟನ್ನು ನೆನೆಯುತ್ತದೆ. ನಮಗೆ ಕಾವೇರಿಯಿಲ್ಲ. ಹಳೆಯ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 550 ಮಿಲಿಮೀಟರು ಮಾತ್ರ. ಅದೂ ಬೇಕಾದಾಗ ಬಾರದೆ, ಬೇಡವಾದಾಗ ಸುರಿದು ಕಡಲೆಕಾಯಿಯನ್ನು ಕೆಡಿಸುತ್ತದೆ. ಇಲ್ಲಿನ ರೈತನಲ್ಲಿ ಛಲಕ್ಕೇನೂ ಕೊರತೆಯಿಲ್ಲ. ಒಂದು ಕೊಳವೆಬಾವಿ ಬತ್ತಿದರೆ ಇನ್ನೊಂದು, ಅದೂ ಬತ್ತಿದರೆ ಮತ್ತೊಂದು ಕೊರೆಸಿ ಸಾಲಕ್ಕೆ ಬಿದ್ದವನಿಗೆ “ಪ್ರಯತ್ನ ಮಾಡು” ಎಂದರೆ ಏನು ಹೇಳಿದಂತಾಯಿತು? ಅವನಿಗೆ ಬೇಕಾದದ್ದು ನೀರು, ನ್ಯಾಯವಾದ ಬೆಲೆ, ಸಕಾಲದಲ್ಲಿ ಬೆಳೆವಿಮೆ. ಕೃಷ್ಣೆಯ ನೀರನ್ನು ಶ್ರೀಶೈಲದಿಂದ ಹಂದ್ರಿ-ನೀವಾ ಕಾಲುವೆಯಲ್ಲಿ ಇತ್ತ ತರುವ ಕೆಲಸಕ್ಕೆ ಎಷ್ಟು ಸರ್ಕಾರಗಳು, ಎಷ್ಟು ವರ್ಷಗಳು ಬೇಕಾದವೆಂಬುದನ್ನು ಇಲ್ಲಿನ ಹಿರಿಯರು ಬಲ್ಲರು. ಅದು ಒಬ್ಬ ನಾಯಕ ಮೂರು ಗಂಟೆಯಲ್ಲಿ ಮಾಡಿ ಮುಗಿಸುವ ಕೆಲಸವಲ್ಲ.

ತಾರೆಯರ ಹಾಡುಗಳ ಬಗ್ಗೆ ನಮ್ಮ ಮೊದಲ ಆಕ್ಷೇಪಣೆ ಇದೇ. ಹಾಡುವವರು ಶ್ರೀಮಂತರೆಂದು ನಾವು ದೂರುವುದಿಲ್ಲ. ದೊಡ್ಡ ಕಷ್ಟವನ್ನು ಹಾಡು ಬಹಳ ಸುಲಭ ಮಾಡಿಬಿಡುತ್ತದಲ್ಲ ಎಂಬುದೇ ನಮ್ಮ ಚಿಂತೆ. ಒಬ್ಬ ಒಳ್ಳೆಯ ನಾಯಕ, ಒಬ್ಬ ಕೆಟ್ಟ ಸಾಹುಕಾರ, ಕೊನೆಗೆ ಒಂದು ಹಾಡು. ಅಲ್ಲಿಗೆ ಮಳೆ ಬರುತ್ತದೆ. ಚಿತ್ರಮಂದಿರದಿಂದ ಹೊರಗೆ ಬಂದಾಗ ಅದೇ ಬಿಸಿಲು.

ಎರಡನೆಯ ನಿದರ್ಶನ ಕುಡಿತಕ್ಕೆ ಸಂಬಂಧಿಸಿದ್ದು. ಇದು ನಮ್ಮ ಮನೆಬಾಗಿಲಿನ ಕಥೆ. ಸಂಜೆಯ ಕೂಲಿ ಮನೆ ಸೇರುವುದೋ ಅಂಗಡಿ ಸೇರುವುದೋ ಎಂದು ದಾರಿ ಕಾಯುವ ತಾಯಂದಿರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. 1992ನೆಯ ವರ್ಷ ಈ ವಿಷಯದಲ್ಲಿ ಗಡಿಯ ಎರಡು ಕಡೆಗೂ ಮುಖ್ಯವಾದದ್ದು. ಆ ವರ್ಷ ಕನ್ನಡದಲ್ಲಿ ರಾಜಕುಮಾರ್ ಅವರ ‘ಜೀವನ ಚೈತ್ರ’ ಬಂದಿತು. ಹಳ್ಳಿಯನ್ನು ಹಾಳುಮಾಡುವ ಸಾರಾಯಿಯ ವಿರುದ್ಧ ನಿಲ್ಲುವ ನಾಯಕನ ಕಥೆ ಅದರದು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದಾಚೆಗೆ ತಮ್ಮ ಹಾಡುಗಳನ್ನು ಬಹುಮಟ್ಟಿಗೆ ತಾವೇ ಹಾಡುತ್ತಿದ್ದ ರಾಜಕುಮಾರ್ ಅವರಿಗೆ ಈ ಚಿತ್ರದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಆದರೆ ಪ್ರಶಸ್ತಿ ಬಂದದ್ದು ಅದರಲ್ಲಿನ ನಾದದ ಮಹಿಮೆಯನ್ನು ಹೊಗಳುವ ಗೀತೆಗೆ, ಸಾರಾಯಿ ವಿರೋಧಕ್ಕಲ್ಲ! ತೆರೆಯ ಮೇಲೆ ಕುಡಿಯುವ, ಸೇದುವ ಪಾತ್ರಗಳಿಂದ ಅವರು ಬಹುಮಟ್ಟಿಗೆ ದೂರವಿದ್ದವರಾದುದರಿಂದ ಆ ಮಾತು ಅವರ ಬಾಯಲ್ಲಿ ಒಪ್ಪಿತು. ನಂದಿನಿ ಹಾಲಿನ ಜಾಹೀರಾತಿನಲ್ಲಿ ಸಂಭಾವನೆಯಿಲ್ಲದೆ ಕಾಣಿಸಿಕೊಂಡ ಹಿರಿಮೆಯೂ ಅವರದು.

ಅದೇ 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿಯುತ್ತಿದ್ದ ಹೆಂಗಸರು ತಮ್ಮ ಪಾಠದ ಪುಸ್ತಕದಲ್ಲಿ ಸೀತಮ್ಮ ಎಂಬಾಕೆಯ ಕಥೆ ಓದಿದರು. ಊರಿನ ಹೆಂಗಸರನ್ನು ಒಗ್ಗೂಡಿಸಿ ಸಾರಾಯಿ ಅಂಗಡಿ ಮುಚ್ಚಿಸುವ ಕಥೆ ಅದು. ಓದಿದವರು ಸುಮ್ಮನೆ ಕೂರಲಿಲ್ಲ. ರೋಸಮ್ಮ ಎಂಬ ಹೆಂಗಸಿನ ಮುಂದಾಳುತನದಲ್ಲಿ ತಮ್ಮೂರಿನ ಅಂಗಡಿಯನ್ನು ಮುಚ್ಚಿಸಿಯೇಬಿಟ್ಟರು. ಆ ಆಂದೋಲನದಲ್ಲಿಯೂ ಹಾಡುಗಳಿದ್ದವು, ಬೀದಿ ನಾಟಕಗಳಿದ್ದವು. ಆದರೆ ಹಾಡಿದವರ ಹೆಸರು ಯಾವ ಭಿತ್ತಿಪತ್ರದ ಮೇಲೂ ಇರಲಿಲ್ಲ. ಕಿಡಿ ಹಳ್ಳಿಯಿಂದ ಹಳ್ಳಿಗೆ ಹಾರಿತು. 1993ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶದಲ್ಲೆಲ್ಲ ಸಾರಾಯಿ ನಿಷೇಧವಾಯಿತು.

ಇಲ್ಲಿಗೆ ಹಿಂದೂಪುರ ಬರುತ್ತದೆ. 1985ರಿಂದ ನಮ್ಮ ಹಿಂದೂಪುರದ ಶಾಸಕರಾಗಿದ್ದವರು ತೆಲುಗಿನ ಅತಿದೊಡ್ಡ ತಾರೆ ಎನ್.ಟಿ. ರಾಮರಾವ್. ಆ ಹೆಂಗಸರ ಕೂಗನ್ನು ಅವರು ತಮ್ಮ ಮಾತಾಗಿ ಮಾಡಿಕೊಂಡರು. 1994ರ ಚುನಾವಣೆಯಲ್ಲಿ ಸಂಪೂರ್ಣ ಪಾನನಿಷೇಧದ ವಚನ ಕೊಟ್ಟು ಗೆದ್ದರು. 1995ರ ಜನವರಿಯಲ್ಲಿ ನಿಷೇಧ ಜಾರಿಗೆ ಬಂದಿತು. ತಾರೆಯ ವರ್ಚಸ್ಸು ಹಳ್ಳಿಯ ಹೆಂಗಸರ ದನಿಯ ಜೊತೆ ಕೂಡಿದಾಗ ಎಂಥ ಬಲ ಬರುತ್ತದೆಂಬುದಕ್ಕೆ ಇದು ನಿದರ್ಶನ. ಆದರೆ 1997ರಲ್ಲಿ, ರಾಮರಾವ್ ಅವರು ತೀರಿಕೊಂಡ ಮರುವರ್ಷ, ನಿಷೇಧ ಸಡಿಲವಾಯಿತು. ಬೊಕ್ಕಸಕ್ಕೆ ಬರುವ ಹಣ ನಿಂತಿತ್ತು, ನೆರೆರಾಜ್ಯಗಳಿಂದ ಮದ್ಯ ಕದ್ದು ಬರುತ್ತಿತ್ತು. ಹಿಂದೂಪುರದಂಥ ಗಡಿಯೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಡಿಯಾಚೆಯ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ. ತಾರೆ ತಂದದ್ದು ತಾರೆಯೊಡನೆ ಹೋಯಿತು. ಆದರೆ ದೂಬಗುಂಟದ ಹೆಂಗಸರು ಕಲಿತ ಅಕ್ಷರ ಹೋಗಲಿಲ್ಲ, ಒಗ್ಗೂಡಿದರೆ ಅಂಗಡಿ ಮುಚ್ಚುತ್ತದೆಂಬ ತಿಳಿವಳಿಕೆಯೂ ಹೋಗಲಿಲ್ಲ.

ಹಾಡಿ ಹಣ ಕೂಡಿಸುವ ಸಂಪ್ರದಾಯವನ್ನೂ ಇಲ್ಲಿ ನೆನೆಯಬೇಕು. 1977ರ ನವೆಂಬರಿನಲ್ಲಿ ಕೃಷ್ಣಾ ಜಿಲ್ಲೆಯ ದಿವಿಸೀಮೆಯನ್ನು ಚಂಡಮಾರುತ ನುಂಗಿದಾಗ ರಾಮರಾವ್, ಅಕ್ಕಿನೇನಿ ನಾಗೇಶ್ವರರಾವ್ ಮೊದಲಾದ ತಾರೆಯರು ಜೋಳಿಗೆ ಹಿಡಿದು ಬೀದಿಗಿಳಿದರು. ಕನ್ನಡದಲ್ಲಿ ಪುನೀತ್ ರಾಜಕುಮಾರ್ ತಮ್ಮ ಗಾಯನದ ಸಂಭಾವನೆಯನ್ನು ದಾನಕ್ಕೆ ಮೀಸಲಿಟ್ಟಿದ್ದರು. ಮೈಸೂರಿನ ಶಕ್ತಿಧಾಮದ ಹೆಣ್ಣುಮಕ್ಕಳಿಗೆ ಆ ಕುಟುಂಬ ಆಸರೆಯಾಯಿತು. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡಾಗ ಅವರು ಮಾಡಿದ ಎಷ್ಟೋ ಉಪಕಾರಗಳು ಜನರಿಗೆ ತಿಳಿದದ್ದೇ ಆಗ. ಹೇಳಿಕೊಳ್ಳದೆ ಮಾಡಿದ ಕೆಲಸಕ್ಕೆ ಹಾಡಿಗಿಂತ ಹೆಚ್ಚು ತೂಕವಿರುತ್ತದೆ.

ಹೊರದೇಶಗಳಲ್ಲಿಯೂ ಈ ಬಗೆಯ ಪ್ರಯತ್ನಗಳು ನಡೆದಿವೆ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಪಂಡಿತ್ ರವಿಶಂಕರ್ ಮತ್ತು ಆಂಗ್ಲ ಗಾಯಕ ಜಾರ್ಜ್ ಹ್ಯಾರಿಸನ್ ಕೂಡಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಸಂಗೀತೋತ್ಸವ ನಡೆಸಿದರು. ಟಿಕೆಟ್ಟಿನಿಂದ ಬಂದ ಸುಮಾರು 2,43,000 ಡಾಲರುಗಳನ್ನು ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಒಪ್ಪಿಸಿದರು. ಆದರೆ ಆ ಕಾರ್ಯಕ್ರಮದ ಧ್ವನಿಮುದ್ರಿಕೆಯಿಂದ ಬಂದ ದೊಡ್ಡ ಮೊತ್ತ ಅಮೆರಿಕದ ತೆರಿಗೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಮನಸ್ಸು ಶುದ್ಧವಾಗಿದ್ದರೆ ಸಾಲದು, ಲೆಕ್ಕಪತ್ರವೂ ಸರಿಯಾಗಿರಬೇಕು ಎಂಬ ಪಾಠ ಇದು.

1984ರಲ್ಲಿ ಇಥಿಯೋಪಿಯದ ಕ್ಷಾಮಕ್ಕಾಗಿ ಐರ್ಲೆಂಡಿನ ಗಾಯಕ ಬಾಬ್ ಗೆಲ್ಡಾಫ್ ಮತ್ತು ಗೆಳೆಯರು ಒಂದು ಹಾಡು ಹೊರತಂದರು. ಮರುವರ್ಷದ ಜುಲೈ 13ರಂದು ಲಂಡನ್, ಫಿಲಡೆಲ್ಫಿಯ ನಗರಗಳಲ್ಲಿ ಒಂದೇ ದಿನ ಬೃಹತ್ ಸಂಗೀತೋತ್ಸವವೂ ನಡೆಯಿತು. ಅಪಾರ ಹಣ ಕೂಡಿತು, ಜೀವಗಳು ಉಳಿದವು. ಆದರೆ ಅಲ್ಲಿನ ಜನರಿಗೆ ಇದು ಕ್ರಿಸ್ಮಸ್ ಕಾಲವೆಂದಾದರೂ ಗೊತ್ತೇ ಎಂದು ಆ ಹಾಡಿನ ಹೆಸರೇ ಕೇಳುತ್ತದೆ. ಇಥಿಯೋಪಿಯದಲ್ಲಿ ಕ್ರೈಸ್ತ ಧರ್ಮ ನೆಲೆಯೂರಿದ್ದು ನಾಲ್ಕನೆಯ ಶತಮಾನದಲ್ಲಿ! ಮರುಕದ ಭರದಲ್ಲಿ ಎದುರಿಗಿರುವವರು ಯಾರೆಂದು ಕೇಳುವುದನ್ನೇ ಮರೆತರೆ ಹೀಗಾಗುತ್ತದೆ. ಹೊರಗಿನವರು ಬಂದು ನಮ್ಮ ಸೀಮೆಯನ್ನು ಬರ ಎಂಬ ಒಂದೇ ಮಾತಿನಲ್ಲಿ ಬಣ್ಣಿಸಿ ಹೋದಾಗ ನಮಗೂ ಇಂಥದೇ ಮುಜುಗರವಾಗುತ್ತದೆ. ಇಲ್ಲಿ ಲೇಪಾಕ್ಷಿಯೂ ಇದೆ, ವೇಮನರೂ ಇದ್ದಾರೆ, ಎರಡು ಭಾಷೆ ಬಲ್ಲ ಮಕ್ಕಳೂ ಇದ್ದಾರೆ ಎಂದು ಅವರಿಗೆ ಹೇಳಬೇಕೆನಿಸುತ್ತದೆ.

ಹತ್ತಿರದ ತಮಿಳುನಾಡಿನ ಒಂದು ಪ್ರಸಂಗ ಇನ್ನೂ ಹೊಸದು. 2021ರಲ್ಲಿ ‘ಎಂಜಾಯ್ ಎಂಜಾಮಿ’ ಎಂಬ ಹಾಡು ದೇಶವನ್ನೆಲ್ಲ ಕುಣಿಸಿತು. ನಿಮ್ಮಲ್ಲಿ ಅನೇಕರು ಅದಕ್ಕೆ ಹೆಜ್ಜೆ ಹಾಕಿರಬಹುದು. ಅದನ್ನು ಬರೆದು ಹಾಡಿದವರಲ್ಲಿ ಒಬ್ಬರಾದ ಅರಿವು, ಸಿಂಹಳದ ಚಹಾ ತೋಟಗಳಲ್ಲಿ ದುಡಿದ ತಮ್ಮ ಅಜ್ಜಿಯ ಬದುಕಿನಿಂದ ಅದನ್ನು ಹೆಣೆದರು. ನೆಲವನ್ನು ಹಸನು ಮಾಡಿಯೂ ನೆಲವಿಲ್ಲದೆ ಉಳಿದವರ ನೋವು ಅದರೊಳಗಿದೆ. ಆದರೆ ಅದೇ ವರ್ಷ ಒಂದು ಪ್ರಸಿದ್ಧ ಸಂಗೀತ ಪತ್ರಿಕೆ ಆ ಹಾಡಿನ ಕೀರ್ತಿಯನ್ನು ಮುಖಪುಟದಲ್ಲಿ ಮೆರೆಸಿದಾಗ ಅಲ್ಲಿ ಅರಿವು ಅವರ ಚಿತ್ರವೇ ಇರಲಿಲ್ಲ. ದೊಡ್ಡ ವಿವಾದವಾಯಿತು. ನೋವು ಒಬ್ಬರದು, ಹೆಸರು ಇನ್ನೊಬ್ಬರದು ಆಗುವ ಅಪಾಯ ಇಂದಿಗೂ ತಪ್ಪಿಲ್ಲ. ನಮ್ಮ ಕನ್ನಡದಲ್ಲಿ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಅದರ ಹಾಡುಗಳನ್ನು ಊರೂರಿಗೆ ಒಯ್ದವರು ತಾರೆಯರಲ್ಲ. ದಲಿತ ಚಳವಳಿಯ ಹುಡುಗರು ತಮಟೆ ಬಡಿದುಕೊಂಡು ಹಾಡುತ್ತ ಹೋದರು. ಬದುಕಿದವರೇ ಬರೆದು, ಬದುಕಿದವರೇ ಹಾಡಿದ ಹಾಡುಗಳು ಅವು.

ಕೊನೆಯದಾಗಿ, ನಮಗೆ ಎಲ್ಲಕ್ಕಿಂತ ಹೆಚ್ಚು ಕಸಿವಿಸಿಯಾಗುವ ಸಂಗತಿ ಒಂದುಂಟು. ಈ ಚಿತ್ರದಲ್ಲಿ ಕುಡಿತ ಬಿಡಿ ಎಂದು ಕಣ್ಣೀರು ತರಿಸಿದ ದನಿಯೇ ಮುಂದಿನ ಚಿತ್ರದಲ್ಲಿ ಬಾಟಲಿಯನ್ನು ಹೊಗಳಿ ಹಾಡುತ್ತದೆ. ಮದುವೆಯ ಮೆರವಣಿಗೆಯಲ್ಲಿ ನಮ್ಮ ಮಕ್ಕಳು ಎರಡನೆಯದಕ್ಕೇ ಹೆಚ್ಚು ಹುರುಪಿನಿಂದ ಕುಣಿಯುತ್ತಾರೆ. ದೊಡ್ಡವರು ನೋಡಿ ನಗುತ್ತೇವೆ. ಹಾಡಿನವರನ್ನು ಬೈಯುವ ಮೊದಲು ಆ ನಗುವನ್ನು ನಾವು ವಿಚಾರಿಸಿಕೊಳ್ಳಬೇಕು.

ಹಾಗಾದರೆ ಏನು ಮಾಡಬೇಕು? ತಾರೆಯರ ಹಾಡನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಬಾಯಾರಿದವನು ಕೊಡಪಾನ ಹಿತ್ತಾಳೆಯದೋ ಮಣ್ಣಿನದೋ ಎಂದು ಕೇಳುವುದಿಲ್ಲ, ನೀರನ್ನು ನೋಡುತ್ತಾನೆ. ಆದರೆ ನೀರನ್ನು ಸೋಸಿ ಕುಡಿಯುವುದು ಜಾಣತನ. ಒಂದು ಹಾಡು ಮನಸ್ಸನ್ನು ಹಿಡಿದಾಗ ವಿದ್ಯಾರ್ಥಿಗಳು ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ:

1. ಈ ಹಾಡನ್ನು ಬರೆದವರು ಯಾರು? ಇದು ಯಾರ ಬದುಕಿನ ಕಥೆ? ಅವರ ಹೆಸರು ಎಲ್ಲಾದರೂ ಇದೆಯೇ?

2. ಕಷ್ಟದ ಕಾರಣವನ್ನು ಹಾಡು ಹೇಳುತ್ತದೆಯೇ, ಅಥವಾ ಕಣ್ಣೀರನ್ನು ಮಾತ್ರ ತೋರಿಸುತ್ತದೆಯೇ?

3. ಹಾಡಿದವರು ಆ ಮಾತಿಗಾಗಿ ಏನನ್ನಾದರೂ ಬಿಟ್ಟುಕೊಟ್ಟಿದ್ದಾರೆಯೇ? ಅದೇ ಮಾತಿಗೆ ವಿರುದ್ಧವಾದುದನ್ನು ಬೇರೆ ಕಡೆ ಹಾಡಿದ್ದಾರೆಯೇ?

4. ಹಾಡು ಮುಗಿದ ಮೇಲೆ ನಮ್ಮ ಊರಿನಲ್ಲಿ ನಾವು ಮಾಡಬಹುದಾದ ಕೆಲಸ ಯಾವುದು?

ಇವುಗಳಲ್ಲಿ ನಾಲ್ಕನೆಯದೇ ದೊಡ್ಡದು. ಅದಕ್ಕೆ ಉತ್ತರ ಕೊಡುವ ಭಾರ ಯಾವ ತಾರೆಯ ಮೇಲೂ ಇಲ್ಲ, ನಮ್ಮ ಮೇಲೆಯೇ ಇದೆ. ದೂಬಗುಂಟದಲ್ಲಿ ಅದಕ್ಕೆ ಉತ್ತರ ಕೊಟ್ಟವರು ಆಗತಾನೇ ಹೆಸರು ಬರೆಯಲು ಕಲಿತಿದ್ದ ಹೆಂಗಸರು.

ಪೋಷಕರಲ್ಲಿಯೂ ನಮ್ಮದೊಂದು ವಿನಂತಿ. ಮಕ್ಕಳು ಕೇಳುವ ಹಾಡನ್ನು ಕೆಟ್ಟದ್ದೆಂದು ಒಮ್ಮೆಲೇ ಗದರಬೇಡಿ. ಜೊತೆಯಲ್ಲಿ ಕುಳಿತು ಕೇಳಿ, ಅರ್ಥವನ್ನು ವಿಚಾರಿಸಿ. ಆಮೇಲೆ ನಿಮ್ಮ ತಾಯಿ, ಅಜ್ಜಿಯರು ಬೀಸುವಾಗ, ನಾಟಿ ಹಾಕುವಾಗ, ಕಳೆ ಕೀಳುವಾಗ ಹಾಡುತ್ತಿದ್ದ ಒಂದು ಪದವನ್ನು ಅವರಿಗೆ ಹೇಳಿಕೊಡಿ. ಆ ಪದಗಳಲ್ಲಿಯೂ ಬರವಿದೆ, ಸಾಲವಿದೆ, ಕುಡುಕ ಗಂಡನಿದ್ದಾನೆ, ಧೈರ್ಯವೂ ಇದೆ. ಮುಂದಿನ ವಾರ್ಷಿಕೋತ್ಸವಕ್ಕೆ ತಾರೆಯರ ಹಾಡಿನ ಜೊತೆಗೆ ಅಂಥ ಒಂದು ಪದವೂ ನಮ್ಮ ವೇದಿಕೆಯ ಮೇಲೆ ಬರಲಿ. ಕನ್ನಡದ್ದಾದರೂ ಸರಿ, ತೆಲುಗಿನದಾದರೂ ಸರಿ. ವಿದ್ಯಾರ್ಥಿಗಳು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು ಬರಲಿ. ಬರೆಯುವಾಗ ಪದದ ಮೇಲ್ಗಡೆ, ಅದನ್ನು ಹೇಳಿಕೊಟ್ಟ ಅಜ್ಜಿಯ ಹೆಸರನ್ನೂ ಊರನ್ನೂ ದುಂಡಾದ ಅಕ್ಷರದಲ್ಲಿ ಬರೆಯುವುದನ್ನು ಮರೆಯಬಾರದು.